ಶಕ್ತಿಮಾನ್ ಎಲ್ಲಿ ಸೋಲ್ತಾನೆ?



ಈ ಮಾತು ರೆಕಾರ್ಡ್ ಆಗ್ತಿರೋದು ವಾರಾಣಸಿಯಲ್ಲಿ, ಅಸ್ಸಿ ಘಾಟ್ ಹತ್ತಿರದ ಒಂದು ರೂಮಿನಲ್ಲಿ. ಹಿಂದುಗಡೆ ದೇವಸ್ಥಾನದ ಗಂಟೆ, ಆಟೋ ಹಾರ್ನ್, ಮಧ್ಯೆ ಒಂದು ಗೂಳಿಯ ದನಿ ಕೇಳಿಸಿದ್ರೆ ದಯವಿಟ್ಟು ಹೊಂದಿಸ್ಕೊಳ್ಳಿ. ಈ ಊರಲ್ಲಿ ಮ್ಯೂಟ್ ಬಟನ್ ಇಲ್ಲ.

ನಾನು ಹಾವೇರಿ ಜಿಲ್ಲೆಯವನು. 2012ರಲ್ಲಿ, ಅಂದ್ರೆ ಹಳೆಯ ಐಟಿ-ಬಿಎಚ್‌ಯು ಐಐಟಿ ಆದ ವರ್ಷ, ಇಲ್ಲಿ ಎಂಟೆಕ್‌ಗೆ ಸೇರಿದೆ. 2014ರಲ್ಲಿ ಮುಗಿಸಿದೆ. ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಸೆಕ್ಯುರಿಟಿ ಟೀಮಿನಲ್ಲಿ ಕೆಲಸ. ಒಂದು ಸಿಸ್ಟಮ್ ಎಲ್ಲಿ ಒಡೆಯುತ್ತೆ ಅಂತ ಹುಡುಕೋದಕ್ಕೆ ನನಗೆ ಸಂಬಳ ಕೊಡ್ತಾರೆ. ಇವತ್ತು ಸಂಬಳ ಇಲ್ಲದೆ ಅದೇ ಕೆಲಸ ಮಾಡೋಣ ಅಂತ. ವಿಷಯ ಇಷ್ಟೇ: ನಮ್ಮ ಟಿವಿ ಸೀರಿಯಲ್ ಹೀರೋಗಳು ಎಲ್ಲಿ ಸೋಲ್ತಾರೆ ಅನ್ನೋದರ ಬಗ್ಗೆ ನಾವು ಕಟ್ಟಿಕೊಂಡ ಥಿಯರಿಗಳು, ಆ ಥಿಯರಿಗಳಿಂದ ನಮಗೇನಾದ್ರೂ ಸಿಗುತ್ತಾ ಅನ್ನೋದು.

ಗಿರಗಿರ ತಿರುಗೋಕೆ ಜಾಗ ಇಲ್ಲದಿದ್ರೆ?

ಶಕ್ತಿಮಾನ್ ಶುರುವಾಗಿದ್ದು 1997ರ ಸೆಪ್ಟೆಂಬರ್‌ನಲ್ಲಿ. ಹಾವೇರಿ ಪ್ರತ್ಯೇಕ ಜಿಲ್ಲೆ ಆಗಿದ್ದು ಅದರ ಹಿಂದಿನ ತಿಂಗಳು. ಜಿಲ್ಲೆ ಆಗಿದ್ದು ನಮಗೆ ಹುಡುಗರಿಗೆ ಗೊತ್ತೇ ಆಗಲಿಲ್ಲ, ಶಕ್ತಿಮಾನ್ ಬಂದಿದ್ದು ಮಾತ್ರ ಇಡೀ ಓಣಿಗೆ ಗೊತ್ತಾಯ್ತು. 2005ರ ಮಾರ್ಚ್‌ವರೆಗೆ ದೂರದರ್ಶನದಲ್ಲಿ ಓಡಿದ ಸೀರಿಯಲ್ ಅದು. ಮುಕೇಶ್ ಖನ್ನಾ ಅವರೇ ನಿರ್ಮಾಪಕರು, ಅವರೇ ಹೀರೋ.

ನೆನಪಿಲ್ಲದವರಿಗೆ ಎರಡು ಸಾಲಲ್ಲಿ ಹೇಳಿಬಿಡ್ತೀನಿ. ಸೂರ್ಯಾಂಶಿ ಅನ್ನೋ ಪಂಥದ ಗುರುಗಳು ಒಬ್ಬ ಮನುಷ್ಯನನ್ನ ತಯಾರು ಮಾಡ್ತಾರೆ. ಯೋಗದಿಂದ ಕುಂಡಲಿನಿ ಎಬ್ಬಿಸಿ, ಏಳು ಚಕ್ರ ಜಾಗೃತ ಮಾಡಿಕೊಂಡು, ಪಂಚಭೂತಗಳ ಬಲದಿಂದ ಅವನು ಶಕ್ತಿಮಾನ್ ಆಗ್ತಾನೆ. ಉಳಿದ ಹೊತ್ತಲ್ಲಿ ಅವನು ಪಂಡಿತ್ ಗಂಗಾಧರ್ ವಿದ್ಯಾಧರ್ ಮಾಯಾಧರ್ ಓಂಕಾರನಾಥ್ ಶಾಸ್ತ್ರಿ. ಕನ್ನಡಕ, ಉಬ್ಬುಹಲ್ಲು, ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್. ಎದುರಾಳಿ ತಮರಾಜ್ ಕಿಲ್ವಿಷ್, ಕತ್ತಲೆಯ ರಾಜ.

ನಮಗಾಗ ಹಿಂದಿ ಸರಿಯಾಗಿ ಬರ್ತಿರಲಿಲ್ಲ. ಅರ್ಧ ಕಥೆ ಟಿವಿ ಹೇಳ್ತಿತ್ತು, ಇನ್ನರ್ಧ ನಾವೇ ಕಟ್ಕೊಳ್ತಿದ್ವಿ. ಸೋಮವಾರ ಶಾಲೆಯಲ್ಲಿ ಪ್ರಾರ್ಥನೆ ಮುಗಿಯೋದ್ರೊಳಗೆ ಹತ್ತು ಥಿಯರಿ ತಯಾರಾಗಿರ್ತಿತ್ತು. ಎಲ್ಲಾ ಥಿಯರಿಗಳ ಮೂಲ ಪ್ರಶ್ನೆ ಒಂದೇ: ಇವನನ್ನ ಹೊಡೆಯೋದು ಹೆಂಗೆ?

ಮೊದಲನೇ ಥಿಯರಿ, ಜಾಗದ್ದು. ಗಂಗಾಧರ ಶಕ್ತಿಮಾನ್ ಆಗಬೇಕಾದ್ರೆ ಒಂದು ಕೈ ಮೇಲೆತ್ತಿ ಗಿರಗಿರ ತಿರುಗಬೇಕು. ಹಾಗಾದ್ರೆ ತಿರುಗೋಕೆ ಜಾಗವೇ ಇಲ್ಲದ ಕಡೆ ಹಿಡಿದ್ರೆ? ಸಂತೆ ದಿನ ನಮ್ಮೂರ ಬಸ್ಸಿನಲ್ಲಿ ಅವನನ್ನ ಹತ್ತಿಸಿಬಿಟ್ರೆ ಕಿಲ್ವಿಷ್‌ಗೆ ಬೇರೆ ಕೆಲಸವೇ ಬೇಕಾಗಿಲ್ಲ ಅನ್ನೋದು ನಮ್ಮ ಒಮ್ಮತದ ತೀರ್ಮಾನವಾಗಿತ್ತು.

ಎರಡನೇ ಥಿಯರಿ, ಎದೆಯ ಮೇಲಿರೋ ಬಂಗಾರದ ಚಕ್ರದ್ದು. ಅದೇ ಅವನ ಬ್ಯಾಟರಿ, ಅದನ್ನ ಕಿತ್ರೆ ಆಟ ಮುಗೀತು. ಮೂರನೇದು ಸೂರ್ಯನದ್ದು: ಶಕ್ತಿ ಸೂರ್ಯಾಂಶಿಗಳಿಂದ ಬಂದಿದೆ ಅಂದ್ಮೇಲೆ ಅಮಾವಾಸ್ಯೆ ರಾತ್ರಿ ಅವನು ಬರೀ ಗಂಗಾಧರ. ನಾಲ್ಕನೇದು ಗೀತಾ ವಿಶ್ವಾಸ್ ಅವರದು: ಆ ಪತ್ರಕರ್ತೆಯನ್ನ ಹಿಡಿದ್ರೆ ಇವನು ತಾನಾಗೇ ಬರ್ತಾನೆ.

ಈಗ ನನ್ನ ಕೆಲಸದ ಕಣ್ಣಿಂದ ನೋಡಿದ್ರೆ ನಗು ಬರುತ್ತೆ, ಯಾಕಂದ್ರೆ ಇಷ್ಟರಲ್ಲೇ ನಮ್ಮ ಇಡೀ ಸಿಲೆಬಸ್ ಇದೆ. ಮೊದಲನೇದು ಸ್ಟಾರ್ಟ್ ಆಗೋ ಹೊತ್ತಲ್ಲಿ ಮಾಡೋ ದಾಳಿ. ಎರಡನೇದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಮೂರನೇದು ಹೊರಗಿನ ಡಿಪೆಂಡೆನ್ಸಿ. ನಾಲ್ಕನೇದು ನಿಮಗೆ ಬೇಕಾದವರ ಮೂಲಕ ನಿಮ್ಮನ್ನ ಹಿಡಿಯೋದು. ಎಂಟು ವರ್ಷದ ಹುಡುಗರು, ಯಾರೂ ಕಲಿಸದೆ, ಒಂದು ವ್ಯವಸ್ಥೆಯನ್ನ ನಾಲ್ಕು ಕಡೆಯಿಂದ ಪರೀಕ್ಷೆ ಮಾಡಿದ್ರು.

ದೌರ್ಬಲ್ಯ ಯಾಕೆ ಬೇಕು?

ಇಲ್ಲಿ ಒಂದು ಸಣ್ಣ ಇತಿಹಾಸ. ಸೂಪರ್‌ಮ್ಯಾನ್‌ಗೆ ಕ್ರಿಪ್ಟೊನೈಟ್ ಅನ್ನೋ ಕಲ್ಲು ಆಗಿಬರಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಸೂಪರ್‌ಮ್ಯಾನ್ ಕಾಮಿಕ್ಸ್ ಬಂದಿದ್ದು 1938ರಲ್ಲಿ. ಕ್ರಿಪ್ಟೊನೈಟ್ ಮೊದಲು ಬಂದಿದ್ದು ಕಾಮಿಕ್ಸ್‌ನಲ್ಲಿ ಅಲ್ಲ, 1943ರ ರೇಡಿಯೋ ಧಾರಾವಾಹಿಯಲ್ಲಿ. ಕಾಮಿಕ್ಸ್‌ಗೆ ಅದು ಸೇರಿದ್ದು 1949ರಲ್ಲಿ. ಅಂದ್ರೆ ಮನುಷ್ಯ ಮೊದಲು ಹಾರಿದ, ಎಷ್ಟೋ ವರ್ಷ ಆದ್ಮೇಲೆ ಅವನನ್ನ ಕೆಳಗೆ ಇಳಿಸೋ ಕಲ್ಲು ಸಿಕ್ತು. ದಿನಾ ಕಥೆ ಹೇಳೋರಿಗೆ ಇದು ಬೇಗ ಗೊತ್ತಾಗುತ್ತೆ: ಸೋಲೋ ಸಾಧ್ಯತೆಯೇ ಇಲ್ಲದ ಹೀರೋನ ಇಟ್ಕೊಂಡು ನಾಳೆಯ ಕಂತು ಬರೆಯೋಕೆ ಆಗಲ್ಲ.

ಆದ್ರೆ ದೌರ್ಬಲ್ಯ ಬೇಕಾಗಿರೋದು ಬರೆಯೋರಿಗೆ ಮಾತ್ರ ಅಲ್ಲ. ಶಕ್ತಿಮಾನ್ ಜನಪ್ರಿಯವಾಗಿದ್ದ ಕಾಲದಲ್ಲಿ ಪತ್ರಿಕೆಗಳಲ್ಲಿ ಕೆಟ್ಟ ಸುದ್ದಿಗಳು ಬಂದವು. ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ನಂಬಿ ಮಕ್ಕಳು ಮೇಲಿಂದ ಹಾರಿದ್ರು, ಬೆಂಕಿ ಹಚ್ಚಿಕೊಂಡ್ರು ಅನ್ನೋ ಸುದ್ದಿಗಳು. ಅದರ ಬಗ್ಗೆ ದೊಡ್ಡ ವಿವಾದವೇ ಆಯ್ತು. ಮುಕೇಶ್ ಖನ್ನಾ ಅದೇ ವೇಷದಲ್ಲಿ ತೆರೆ ಮೇಲೆ ಬಂದು, ಇದನ್ನೆಲ್ಲ ನೀವು ಮಾಡಬೇಡಿ ಅಂತ ಮಕ್ಕಳಿಗೆ ತಿಳಿಹೇಳ್ತಿದ್ರು. ನಮ್ಮ ಮನೆಗಳಲ್ಲೂ ಆಗ ಅಟ್ಟ ಹತ್ತೋಕೆ ಬಿಡ್ತಿರಲಿಲ್ಲ.

ಯೋಚನೆ ಮಾಡಿ. ಎಲ್ಲಾ ಕಡೆ ಬರ್ತಾನೆ, ಎಲ್ಲರನ್ನೂ ಕಾಪಾಡ್ತಾನೆ, ಅವನಿಗೆ ಏನೂ ಆಗಲ್ಲ ಅಂತ ಒಬ್ಬನ ಬಗ್ಗೆ ನಂಬಿಕೆ ಹುಟ್ಟಿದ್ರೆ, ಆ ನಂಬಿಕೆಯ ಬೆಲೆ ತೆರೋದು ಅವನಲ್ಲ, ಕೆಳಗೆ ನಿಂತಿರೋ ಸಣ್ಣವನು. ಶಕ್ತಿಮಾನ್ ಎಲ್ಲಿ ಸೋಲ್ತಾನೆ ಅಂತ ಸೋಮವಾರ ಬೆಳಿಗ್ಗೆ ವಾದ ಮಾಡ್ತಿದ್ದ ಹುಡುಗರು ಯಾರೂ ಅಟ್ಟದಿಂದ ಹಾರಲಿಲ್ಲ. ಅವನಿಗೂ ಮಿತಿ ಇದೆ ಅಂತ ನಾವು ಆಗಲೇ ಒಪ್ಪಿಕೊಂಡಿದ್ವಿ.

ಬಲಿಯಾ ಜಿಲ್ಲೆಯ ರೂಮ್‌ಮೇಟ್‌ನ ಥಿಯರಿ

ಬಿಎಚ್‌ಯು ಮುಖ್ಯ ಗೇಟಿನ ಎದುರಿಗಿರೋ ಪ್ರದೇಶದ ಹೆಸರು ಲಂಕಾ. ಮೊದಲ ದಿನ ಆಟೋದವನು ಲಂಕಾ ಲಂಕಾ ಅಂತ ಕೂಗಿದಾಗ ನಾನು ತಮಾಷೆ ಅಂದ್ಕೊಂಡೆ. ಅಸ್ಸಿ ಕಡೆಯ ಹಳೆಯ ರಾಮಲೀಲೆಯಲ್ಲಿ ಲಂಕೆಯ ಪ್ರಸಂಗ ನಡೆಯೋ ಜಾಗ ಅದು, ಅದೇ ಹೆಸರು ಬಡಾವಣೆಗೂ ಉಳೀತು. ಹೊಳೆಯ ಆಚೆ ರಾಮನಗರದಲ್ಲಂತೂ ಅಯೋಧ್ಯೆ, ಜನಕಪುರ, ಪಂಚವಟಿ, ಲಂಕೆ ಎಲ್ಲಾ ಊರೊಳಗಿನ ಜಾಗಗಳೇ. ಅನಂತ ಚತುರ್ದಶಿಯಿಂದ ಶುರುವಾಗಿ ಸುಮಾರು ಒಂದು ತಿಂಗಳು ಅಲ್ಲಿ ರಾಮಲೀಲೆ ನಡೆಯುತ್ತೆ. ಮೈಕ್ ಇಲ್ಲ, ಕರೆಂಟ್ ದೀಪ ಇಲ್ಲ. ಪೆಟ್ರೊಮ್ಯಾಕ್ಸ್ ಬೆಳಕಲ್ಲಿ ಜನ ತುಳಸೀದಾಸರ ರಾಮಚರಿತಮಾನಸದ ಪುಸ್ತಕ ಕೈಲಿ ಹಿಡಿದು, ಸಾಲು ಸಾಲಾಗಿ ತಾಳೆ ನೋಡ್ತಾ, ಪಾತ್ರಧಾರಿಗಳ ಹಿಂದೆ ಒಂದು ಜಾಗದಿಂದ ಇನ್ನೊಂದಕ್ಕೆ ನಡೀತಾರೆ. ತಿಂಗಳಿಡೀ ನಡೆಯೋ ಸೀರಿಯಲ್, ಪ್ರೇಕ್ಷಕರ ಕೈಯಲ್ಲಿ ಸೋರ್ಸ್ ಕೋಡ್. ಇಂಥ ಊರಲ್ಲಿ ಫ್ಯಾನ್ ಥಿಯರಿಗೆ ಬರವೇ?

ನನ್ನ ರೂಮ್‌ಮೇಟ್ ಬಲಿಯಾ ಜಿಲ್ಲೆಯವನು. ಒಂದು ರಾತ್ರಿ ಅವನು ಹೇಳಿದ: "ನೋಡು ಭಾಯಿ, ಶಕ್ತಿಮಾನ್ ಅಂದ್ರೆ ಭೀಷ್ಮನ ಇನ್ನೊಂದು ಜನ್ಮ."

ಎಲ್ಲರೂ ನಕ್ವಿ. ಅವನು ಬೆರಳು ಮಡಚಿ ಲೆಕ್ಕ ಕೊಟ್ಟ. 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ಬಂದ ಬಿ. ಆರ್. ಚೋಪ್ರಾ ಅವರ ಮಹಾಭಾರತದಲ್ಲಿ ಭೀಷ್ಮ ಯಾರು? ಮುಕೇಶ್ ಖನ್ನಾ. ಭೀಷ್ಮನ ಇನ್ನೊಂದು ಹೆಸರು ಗಾಂಗೇಯ, ಗಂಗೆಯ ಮಗ. ಇವನ ಹೆಸರು ಗಂಗಾಧರ. ಭೀಷ್ಮನದು ಬ್ರಹ್ಮಚರ್ಯ. ಇವನ ಮೇಲೆ ಗೀತಾಗೆ ಮನಸ್ಸಿದ್ರೂ ಇವನು ಸಂಸಾರದ ಕಡೆ ತಿರುಗಿಯೂ ನೋಡಲ್ಲ. ಅಲ್ಲಿಗೆ ನಿಲ್ಲಿಸಿದ್ರೆ ಅದು ಹಾಸ್ಟೆಲ್ ಹರಟೆ. ಆದ್ರೆ ಅವನು ಮುಂದಿನ ಮಾತು ಹೇಳಿದ: "ಹಾಗಾಗಿ ಶಕ್ತಿಮಾನ್‌ನ ದೌರ್ಬಲ್ಯ ಈ ಊರಲ್ಲೇ ಇದೆ. ಕಾಶಿಯಲ್ಲಿ. ಅಂಬೆ ಕಾಶಿಯವಳು."

ಆ ರೂಮು ಸ್ವಲ್ಪ ಹೊತ್ತು ಸುಮ್ಮನಾಯ್ತು.

ಕಥೆ ನಿಮಗೆ ಗೊತ್ತು. ಕಾಶಿರಾಜನ ಮೂವರು ಹೆಣ್ಣುಮಕ್ಕಳು, ಅಂಬೆ, ಅಂಬಿಕೆ, ಅಂಬಾಲಿಕೆ. ಅವರ ಸ್ವಯಂವರಕ್ಕೆ ನುಗ್ಗಿ, ತನ್ನ ತಮ್ಮ ವಿಚಿತ್ರವೀರ್ಯನಿಗೆ ಅಂತ ಮೂವರನ್ನೂ ರಥ ಹತ್ತಿಸ್ಕೊಂಡು ಬಂದವನು ಭೀಷ್ಮ. ಅಂಬೆ ಹೇಳಿದ್ಲು, ನನ್ನ ಮನಸ್ಸು ಸಾಲ್ವನ ಮೇಲಿದೆ ಅಂತ. ಕಳಿಸಿಕೊಟ್ಟ. ಸಾಲ್ವ ಒಪ್ಪಲಿಲ್ಲ. ವಾಪಸ್ ಬಂದ್ಲು, ಹಾಗಾದ್ರೆ ನೀನೇ ಮದುವೆಯಾಗು ಅಂದ್ಲು. ಇವನಿಗೆ ಪ್ರತಿಜ್ಞೆ ಇತ್ತು. ಅವಳು ಪರಶುರಾಮನ ಹತ್ತಿರ ಹೋದ್ಲು. ಅವರಿಬ್ಬರ ಯುದ್ಧವೂ ತೀರ್ಮಾನ ಆಗಲಿಲ್ಲ. ಕೊನೆಗೆ ತಪಸ್ಸು ಮಾಡಿ, ಶಿವನ ವರ ಪಡೆದು, ಬೆಂಕಿಗೆ ಬಿದ್ದು, ದ್ರುಪದನ ಮನೆಯಲ್ಲಿ ಶಿಖಂಡಿಯಾಗಿ ಹುಟ್ಟಿದ್ಲು. ಕುರುಕ್ಷೇತ್ರದ ಹತ್ತನೇ ದಿನ ಶಿಖಂಡಿ ಎದುರು ಬಂದಾಗ ಭೀಷ್ಮ ಬಿಲ್ಲು ಎತ್ತಲಿಲ್ಲ. ಅರ್ಜುನನ ಬಾಣಗಳು ಶಿಖಂಡಿಯ ಹಿಂದಿನಿಂದ ಬಂದವು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಅಂಬೆ ಮೊದಲ ದಿನವೇ ಟಿಕೆಟ್ ರೈಸ್ ಮಾಡಿದ್ಲು. ಭೀಷ್ಮ ಸಾಲ್ವನಿಗೆ ಅಸೈನ್ ಮಾಡಿದ, ಸಾಲ್ವ ರಿಜೆಕ್ಟ್ ಮಾಡಿದ, ಪರಶುರಾಮನಿಗೆ ಎಸ್ಕಲೇಟ್ ಆಯ್ತು, ಕೊನೆಗೆ ವೋಂಟ್ ಫಿಕ್ಸ್ ಅಂತ ಕ್ಲೋಸ್ ಮಾಡಿದ್ರು. ಆ ಟಿಕೆಟ್ ಮುಂದಿನ ಜನ್ಮದಲ್ಲಿ ರೀಓಪನ್ ಆಯ್ತು.

ನಗಬಹುದು. ಆದ್ರೆ ಭೀಷ್ಮನ ದೌರ್ಬಲ್ಯ ಕ್ರಿಪ್ಟೊನೈಟ್ ಥರ ಹೊರಗಿಂದ ಬಿದ್ದ ಕಲ್ಲು ಅಲ್ಲ ಅನ್ನೋದು ನೋಡಿ. ಅವನು ಅನ್ಯಾಯ ಮಾಡಿದ್ದ ಒಬ್ಬ ಹೆಣ್ಣುಮಗಳು ಅವನ ದೌರ್ಬಲ್ಯ ಆದ್ಲು. ಅವನು ಎಲ್ಲಿ ಕೇಳಿಸಿಕೊಳ್ಳಲಿಲ್ಲವೋ ಅಲ್ಲೇ ಒಡೆದ.

ಒಬ್ಬ ರಾವಣ, ಮೂರು ಬಗ್

ಈಗ ವಿಲನ್ ಕಡೆ ಬರೋಣ. ರಾವಣನ ದೌರ್ಬಲ್ಯ ಏನು ಅಂತ ಕೇಳಿದ್ರೆ, ಟಿವಿ ನೋಡಿ ಬೆಳೆದ ಯಾರಾದ್ರೂ ತಕ್ಷಣ ಹೇಳ್ತಾರೆ: ಹೊಕ್ಕುಳು. ಹೊಕ್ಕುಳಲ್ಲಿ ಅಮೃತ ಇದೆ, ತಲೆ ಕಡಿದ್ರೆ ಮತ್ತೆ ಹುಟ್ಟುತ್ತೆ, ಹೊಕ್ಕುಳಿಗೆ ಹೊಡೀಬೇಕು ಅಂತ ವಿಭೀಷಣ ಹೇಳಿಕೊಡ್ತಾನೆ. 1987ರಲ್ಲಿ ಶುರುವಾದ ರಮಾನಂದ ಸಾಗರ್ ಅವರ ರಾಮಾಯಣದಲ್ಲಿ ನಾವು ನೋಡಿದ್ದು ಇದೇ. ಇದು ತುಳಸೀದಾಸರ ಮಾನಸದಲ್ಲಿ ಇರೋ ಪ್ರಸಂಗ. ತುಳಸೀದಾಸರು ಕೊನೆಯ ವರ್ಷಗಳನ್ನ ಕಳೆದದ್ದು ನಾನೀಗ ಕೂತಿರೋ ಜಾಗದಿಂದ ಸ್ವಲ್ಪ ದೂರದ ತುಳಸಿ ಘಾಟ್‌ನಲ್ಲಿ. 1623ರಲ್ಲಿ ತೀರಿಕೊಂಡರು. ಅಂದ್ರೆ ಆ ಹೊಕ್ಕುಳಿನ ಗುಟ್ಟು ಹಾವೇರಿ ಜಿಲ್ಲೆಯ ಪೋರ್ಟಬಲ್ ಟಿವಿ ತನಕ ಈ ಮೆಟ್ಟಿಲುಗಳಿಂದಲೇ ಬಂದಿದೆ.

ವಾಲ್ಮೀಕಿಯಲ್ಲಿ ಹೊಕ್ಕುಳಿನ ಮಾತಿಲ್ಲ. ಅಲ್ಲಿ ತಲೆಗಳು ಮತ್ತೆ ಮತ್ತೆ ಹುಟ್ಟುತ್ತಿರೋವಾಗ ಸಾರಥಿ ಮಾತಲಿ ರಾಮನಿಗೆ ಬ್ರಹ್ಮಾಸ್ತ್ರವನ್ನ ನೆನಪು ಮಾಡಿಕೊಡ್ತಾನೆ. ಅದು ರಾವಣನ ಎದೆ ಸೀಳುತ್ತೆ. ಅಲ್ಲಿನ ಅಸಲಿ ಬಗ್ ಇನ್ನೂ ಹಿಂದೆ, ವರ ಕೇಳೋವಾಗಲೇ ಆಗಿದೆ. ದೇವತೆಗಳಿಂದ ಬೇಡ, ಯಕ್ಷರಿಂದ ಬೇಡ, ನಾಗರಿಂದ ಸಾವು ಬೇಡ ಅಂತ ಪಟ್ಟಿ ಕೊಟ್ಟ. ಮನುಷ್ಯರನ್ನ ಸೇರಿಸಲಿಲ್ಲ, ಅವರೆಲ್ಲ ಹುಲ್ಲುಕಡ್ಡಿ ಅಂದ್ಕೊಂಡ. ಯಾವ ಇನ್‌ಪುಟ್ ಬರಲ್ಲ ಅಂದ್ಕೊಂಡು ಚೆಕ್ ಹಾಕಲ್ಲವೋ ಅದೇ ಬರುತ್ತೆ ಅನ್ನೋದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಅನುಭವ. ಹಿರಣ್ಯಕಶಿಪುವಿಂದ ಹಿಡಿದು ನಿನ್ನೆಯ ಪ್ರೊಡಕ್ಷನ್ ಬಗ್‌ವರೆಗೆ.

ಮೂರನೇ ಉತ್ತರ ನಮ್ಮ ಕಡೆಯದು. ನಾಗಚಂದ್ರನ ಪಂಪರಾಮಾಯಣ ಜೈನ ಪರಂಪರೆಯದು. ಆ ಪರಂಪರೆಯಲ್ಲಿ ರಾವಣನನ್ನ ಕೊಲ್ಲೋದು ರಾಮ ಅಲ್ಲ, ಲಕ್ಷ್ಮಣ. ಅದೂ ರಾವಣನೇ ಎಸೆದ ಚಕ್ರದಿಂದ. ಆ ಚಕ್ರ ಲಕ್ಷ್ಮಣನಿಗೆ ಪ್ರದಕ್ಷಿಣೆ ಬಂದು ಅವನ ಕೈ ಸೇರುತ್ತೆ.

ಹೊಕ್ಕುಳು ಅಂದ್ರೆ ಮನೆಯೊಳಗಿನವನಿಗೆ ಗೊತ್ತಿದ್ದ ಗುಟ್ಟು. ವರದ ಪಟ್ಟಿ ಅಂದ್ರೆ ಅಹಂಕಾರದಲ್ಲಿ ಬಿಟ್ಟುಹೋದ ಸಾಲು. ಚಕ್ರ ಅಂದ್ರೆ ತನ್ನದೇ ಶಕ್ತಿ ತನಗೆ ತಿರುಗಿದ್ದು. ಒಬ್ಬನೇ ಮನುಷ್ಯ, ಮೂರು ಕಾಲದ ಮೂರು ಥರದ ಪ್ರೇಕ್ಷಕರು ಮೂರು ಕಡೆ ಬಿರುಕು ಕಂಡ್ರು. ಪ್ರತಿಯೊಬ್ಬರೂ ತಮಗೆ ಯಾವುದರ ಭಯ ಇತ್ತೋ ಅದನ್ನೇ ಅಲ್ಲಿ ಇಟ್ಟಿರಬೇಕು ಅಂತ ನನಗೆ ಅನ್ನಿಸುತ್ತೆ.

ಗೊತ್ತಿದ್ದವನು ಏನು ಮಾಡಿದ?

ಇಷ್ಟು ಹೊತ್ತು ನಾವು ಕೇಳಿದ್ದು, ದೌರ್ಬಲ್ಯ ಎಲ್ಲಿದೆ ಅಂತ. ಸೆಕ್ಯುರಿಟಿ ಕೆಲಸದಲ್ಲಿ ಎರಡನೇ ಪ್ರಶ್ನೆ ಇದೆ, ಅದು ಮೊದಲನೇದಕ್ಕಿಂತ ದೊಡ್ಡದು: ಅದು ಯಾರಿಗೆ ಗೊತ್ತು? ಒಂದೇ ಬಿರುಕು ಇಬ್ಬರಿಗೆ ಕಾಣುತ್ತೆ. ಒಬ್ಬ ಅದರಿಂದ ಒಳಗೆ ನುಗ್ತಾನೆ. ಇನ್ನೊಬ್ಬ ಸದ್ದಿಲ್ಲದೆ ಮಾಲೀಕನಿಗೆ ಮೇಲ್ ಹಾಕಿ, ಸರಿ ಮಾಡಿಕೊಳ್ಳಿ, ಇಷ್ಟು ದಿನ ಟೈಮ್ ಇದೆ ಅಂತಾನೆ. ಗೂಗಲ್‌ನ ಪ್ರಾಜೆಕ್ಟ್ ಝೀರೋ ಟೀಮ್ 90 ದಿನ ಕೊಡುತ್ತೆ. ಇಬ್ಬರ ಕೈಯಲ್ಲಿರೋ ಮಾಹಿತಿ ಒಂದೇ.

ಹನುಮಂತನನ್ನ ನೋಡಿ. ಇದೇ ಊರಿನ ಸಂಕಟಮೋಚನ ದೇವಸ್ಥಾನದಲ್ಲಿ ಮಂಗಳವಾರ, ಶನಿವಾರ ಕಾಲಿಡೋಕೆ ಜಾಗ ಇರಲ್ಲ. ಪರೀಕ್ಷೆಗೆ ಮುಂಚೆ ನಮ್ಮ ಹಾಸ್ಟೆಲ್ ಅರ್ಧ ಅಲ್ಲೇ ಇರ್ತಿತ್ತು. ಆ ಹನುಮಂತನಿಗೂ ಒಂದು ದೌರ್ಬಲ್ಯ. ಚಿಕ್ಕವನಿದ್ದಾಗ ಋಷಿಗಳಿಗೆ ಕೊಟ್ಟ ಕಾಟಕ್ಕೆ ಶಾಪ ಸಿಕ್ಕಿತ್ತು: ನಿನ್ನ ಬಲ ನಿನಗೇ ಮರೆತುಹೋಗ್ಲಿ, ಯಾರಾದ್ರೂ ನೆನಪಿಸಿದಾಗ ಮಾತ್ರ ಬರಲಿ. ಸಮುದ್ರದ ದಡದಲ್ಲಿ ಎಲ್ಲರೂ ತಾವು ಎಷ್ಟೆಷ್ಟು ದೂರ ಹಾರಬಲ್ಲೆವು ಅಂತ ಲೆಕ್ಕ ಹಾಕ್ತಿರೋವಾಗ ಅವನು ಒಂದು ಪಕ್ಕಕ್ಕೆ ಸುಮ್ಮನೆ ಕೂತಿದ್ದ. ಮುದುಕ ಜಾಂಬವಂತ ಹತ್ತಿರ ಹೋಗಿ ನೀನು ಯಾರು ಅಂತ ಹೇಳಿದ.

ಜಾಂಬವಂತನಿಗೂ ದೌರ್ಬಲ್ಯ ಗೊತ್ತಿತ್ತು, ವಿಭೀಷಣನಿಗೂ ಗೊತ್ತಿತ್ತು. ವಿಭೀಷಣ ಎದುರಾಳಿಯ ಕಿವಿಯಲ್ಲಿ ಹೇಳಿದ, ಜಾಂಬವಂತ ಅವನ ಕಿವಿಯಲ್ಲೇ ಹೇಳಿದ. ರಾವಣ ಬಿದ್ದ, ಹನುಮಂತ ಹಾರಿದ.

ಭೀಷ್ಮನದು ಇನ್ನೂ ವಿಚಿತ್ರ. ಒಂಬತ್ತನೇ ದಿನದ ರಾತ್ರಿ ಧರ್ಮರಾಯ, ತಮ್ಮಂದಿರು, ಕೃಷ್ಣ ಎಲ್ಲಾ ಸೇರಿ ಅವನ ಬಿಡಾರಕ್ಕೇ ಹೋಗ್ತಾರೆ. ಅಜ್ಜಾ, ನಿಮ್ಮನ್ನ ಗೆಲ್ಲೋದು ಹೇಗೆ ಅಂತ ನೇರವಾಗಿ ಕೇಳ್ತಾರೆ. ಅವನು ಹೇಳಿಬಿಡ್ತಾನೆ. ಹೊರಗಿನವರು ಇಂಥ ಪ್ರಶ್ನೆ ಕೇಳೋ ಧೈರ್ಯ ಮಾಡಲ್ಲ. ತೊಡೆ ಮೇಲೆ ಆಡಿ ಬೆಳೆದವರು ಮಾತ್ರ ಕೇಳಬಹುದು. ಇಚ್ಛಾಮರಣಿ ಅಂತ ವರ ಇದ್ದ ಮನುಷ್ಯ ಅವನು.

ಎಲ್‌ಸಿ

ಈಗ ನನ್ನ ಮನೆಯ ಮಾತು ಹೇಳ್ತೀನಿ. ಈ ವಿಷಯ ನನಗೆ ಬರೀ ಹರಟೆಯಾಗಿ ಉಳಿಯದೇ ಇರೋಕೆ ಕಾರಣ ಅದೇ.

ನಮ್ಮಪ್ಪ ಕೆಇಬಿ ಲೈನ್‌ಮನ್ ಆಗಿದ್ರು. ಮಳೆಗಾಲದಲ್ಲಿ ಶಕ್ತಿಮಾನ್ ಮಧ್ಯೆ ಕರೆಂಟ್ ಹೋದ್ರೆ ಇಡೀ ಓಣಿಯ ಹುಡುಗರು ನಮ್ಮ ಮನೆ ಮುಂದೆ ಬಂದು ನಿಲ್ತಿದ್ರು. ಅಪ್ಪ ಊಟ ಬಿಟ್ಟು ಎದ್ದು, ಸೈಕಲ್ ಹತ್ತಿ ಹೋಗ್ತಿದ್ರು. ಕಂಬ ಹತ್ತೋ ಮನುಷ್ಯ ನಮ್ಮಪ್ಪ ಅನ್ನೋದು ಶಾಲೆಯಲ್ಲಿ ನನ್ನ ಸೂಪರ್‌ಪವರ್.

ಆ ಕೆಲಸದಲ್ಲಿ ಒಂದು ನಿಯಮ ಇದೆ, ಲೈನ್ ಕ್ಲಿಯರ್. ಎಲ್‌ಸಿ ಅಂತಾರೆ. ಕಂಬ ಹತ್ತೋ ಮುಂಚೆ ಸಬ್‌ಸ್ಟೇಷನ್‌ಗೆ ಹೇಳಬೇಕು. ಅಲ್ಲಿಯವರು ಆ ಲೈನ್ ಆಫ್ ಮಾಡಿ, ಬರೆದಿಟ್ಕೊಂಡು, ಎಲ್‌ಸಿ ಕೊಡ್ತಾರೆ. ಕೆಲಸ ಮುಗಿಸಿ ಕೆಳಗಿಳಿದು ಇವರು ಎಲ್‌ಸಿ ವಾಪಸ್ ಕೊಡೋವರೆಗೆ ಅಲ್ಲಿ ಯಾರೂ ಸ್ವಿಚ್ ಮುಟ್ಟೋ ಹಾಗಿಲ್ಲ. ಅಷ್ಟಾದ್ರೂ ಮೇಲೆ ಹೋದ್ಮೇಲೆ ಅರ್ತ್ ಮಾಡಿಯೇ ತಂತಿ ಮುಟ್ಟೋದು. ಅಂದ್ರೆ ಆ ಒಂದು ಗಂಟೆ ನಿಮ್ಮ ಜೀವ ಐದು ಮೈಲಿ ದೂರದಲ್ಲಿ ಕೂತಿರೋ ಇನ್ನೊಬ್ಬನ ಕೈಯಲ್ಲಿರುತ್ತೆ. ಅದು ಅವನಿಗೆ ಗೊತ್ತಿರಬೇಕು, ಅವನ ರಿಜಿಸ್ಟರ್‌ನಲ್ಲಿ ಬರೆದಿರಬೇಕು. ಮೂವತ್ತು ವರ್ಷ ಸರ್ವಿಸ್‌ನಲ್ಲಿ ಅಪ್ಪ ಒಂದು ದಿನವೂ ಎಲ್‌ಸಿ ಇಲ್ಲದೆ ಕಂಬ ಹತ್ತಿದವರಲ್ಲ. "ಧೈರ್ಯ ಇದ್ದಾವ್ರು ಭಾಳ ಮಂದಿ ಹೋದ್ರಪಾ, ಎಲ್‌ಸಿ ತಗೊಂಡಾವ್ರು ಉಳದ್ರು" ಅಂತ ಹೇಳ್ತಿದ್ರು.

2014ರ ಫೆಬ್ರವರಿಯಲ್ಲಿ, ನಾನು ಇನ್ನೂ ಇಲ್ಲಿ ಓದ್ತಿರೋವಾಗಲೇ ಕಾಶಿ ನೋಡಬೇಕು ಅಂತ ಅಪ್ಪ, ಅವ್ವ ಬಂದ್ರು. ಜಂಗಮವಾಡಿ ಮಠದಲ್ಲಿ ಉಳಿದ್ಕೊಂಡ್ರು. ಕನ್ನಡ ಮಾತಾಡೋರು ಸಿಕ್ಕಿದ್ದಕ್ಕೆ ಅವ್ವನಿಗೆ ಊರಿಗೆ ಬಂದಷ್ಟು ಖುಷಿ. ಎರಡನೇ ದಿನ ಬೆಳಿಗ್ಗೆ ಕೇದಾರ ಘಾಟ್‌ಗೆ ಹೋದ್ವಿ. ಅಲ್ಲಿನ ಮೆಟ್ಟಿಲು ನೋಡಿದವರಿಗೆ ಗೊತ್ತು, ನೆಟ್ಟಗೆ ಇವೆ. ಸ್ನಾನ ಮುಗಿಸಿ ಮೇಲೆ ಹತ್ತೋವಾಗ ಅಪ್ಪ ಹದಿನೈದಿಪ್ಪತ್ತು ಮೆಟ್ಟಿಲಿಗೆ ನಿಂತ್ರು. ಹೊಳೆ ನೋಡೋರ ಥರ ತಿರುಗಿ ನಿಂತ್ರು. ಮತ್ತೆ ಹತ್ತು ಮೆಟ್ಟಿಲು, ಮತ್ತೆ ನಿಂತ್ರು.

"ಏನಾತು ಅಪ್ಪಾ?"

"ಏನಿಲ್ಲೋ ತಮ್ಮಾ, ಗಂಗಿ ನೋಡಾಕತ್ತೇನಿ. ನೀವು ಮುಂದ ನಡೀರಿ."

ಅವ್ವ ನನ್ನ ಕೈ ಹಿಡಿದು ಎರಡು ಮೆಟ್ಟಿಲು ಮೇಲಕ್ಕೆ ಕರ್ಕೊಂಡು ಹೋದ್ರು. ದನಿ ತಗ್ಗಿಸಿ ಹೇಳಿದ್ರು: "ಎರಡು ತಿಂಗಳಾತು. ಮಾಳಗಿ ಮೆಟ್ಲ ಹತ್ತಿದ್ರೂ ಎದಿ ಹಿಡಕೊಂತಾರ. ನಿನಗ ಹೇಳಬ್ಯಾಡ ಅಂದಾರ, ಪರೀಕ್ಷಿ ಐತಿ, ನೌಕರಿ ಹುಡುಕಾಕತ್ತಾನ ಅಂತ. ಆಣಿ ಹಾಕಿಸ್ಕೊಂಡಾರ. ಈಗ ಹೇಳೇನಿ."

ಗಲ್ಲಿಯಿಂದ ಸೈಕಲ್ ರಿಕ್ಷಾ, ಅಲ್ಲಿಂದ ಆಟೋ, ಒಂದು ಆಸ್ಪತ್ರೆ. ಇಸಿಜಿ ನೋಡಿದ ಡಾಕ್ಟರ್ ವಾಪಸ್ ಕಳಿಸಲೇ ಇಲ್ಲ. ಎರಡು ಕಡೆ ಬ್ಲಾಕ್ ಇತ್ತು, ಸ್ಟೆಂಟ್ ಹಾಕಿದ್ರು. ಮೂರನೇ ದಿನ ಹಾಸಿಗೆ ಮೇಲೆ ಎದ್ದು ಕೂತ ಅಪ್ಪ ಅವ್ವನ ಜೊತೆ ಮಾತು ಬಿಟ್ಟಿದ್ರು. ಆಣೆ ಮುರಿದ್ಲು ಅಂತ ಸಿಟ್ಟು. ಅವ್ವನದು ಒಂದೇ ಮಾತು: "ಎಲ್‌ಸಿ ತಗೊಳ್ದ ಕಂಬ ಹತ್ತೀರಿ. ನಾ ಸ್ವಿಚ್ ಆಫ್ ಮಾಡೇನಿ."

ಅಪ್ಪ ನಕ್ಕುಬಿಟ್ರು. ಈಗ ಎಪ್ಪತ್ತು ದಾಟಿದ್ದಾರೆ. ದಿನಾ ಸಂಜೆ ಬಸ್‌ಸ್ಟ್ಯಾಂಡ್‌ವರೆಗೆ ನಡೀತಾರೆ.

ಮನೆಯ ಗುಟ್ಟು ಹೊರಗೆ ಹಾಕಿದವಳು ಅಂತ ನೋಡಿದ್ರೆ ಅವ್ವ ವಿಭೀಷಣ. ಆದ್ರೆ ಅವರು ಹೇಳಿದ್ದು ಎದುರಾಳಿಗಲ್ಲ, ಏನಾದ್ರೂ ಮಾಡಬಲ್ಲವನಿಗೆ. ಆ ಎರಡು ಮೆಟ್ಟಿಲಿನ ಮಾತನ್ನ ನಾನು ರೆಸ್ಪಾನ್ಸಿಬಲ್ ಡಿಸ್‌ಕ್ಲೋಷರ್ ಅನ್ನೋ ಪದಕ್ಕೆ ಉದಾಹರಣೆಯಾಗಿ ನಮ್ಮ ಟೀಮಿನ ಹೊಸಬರಿಗೆ ಹೇಳ್ತಿರ್ತೀನಿ.

ನಿಮ್ಮದು ಯಾರ ಹತ್ತಿರ ಇದೆ?

ಇದನ್ನ ನೋಡ್ತಿರೋರು ಪುಣೆ, ಹೈದರಾಬಾದ್, ಗುರುಗ್ರಾಮ, ಡಲ್ಲಾಸ್, ಮ್ಯೂನಿಕ್‌ನಲ್ಲಿದ್ದೀರಿ. ಬೆಂಗಳೂರಲ್ಲಿದ್ರೂ ಬೀದರ್, ಕಾರವಾರ, ಚಾಮರಾಜನಗರದಿಂದ ಬಂದು ಇದ್ದೀರಿ. ನಮ್ಮ ಮನೆಗಳಲ್ಲಿ ಎರಡೂ ಕಡೆ ಶಕ್ತಿಮಾನ್‌ಗಳಿದ್ದಾರೆ. ಆ ಕಡೆ ಭಾನುವಾರದ ವಿಡಿಯೋ ಕಾಲ್‌ನಲ್ಲಿ ಕುರ್ಚಿ ಮೇಲೆ ನೆಟ್ಟಗೆ ಕೂತು, ನಾವು ಆರಾಮಿದ್ದೀವಿ, ನೀ ಆರಾಮಿರು ಅನ್ನೋರು. ಮೊಣಕಾಲು ಕ್ಯಾಮೆರಾದಲ್ಲಿ ಕಾಣಲ್ಲ. ಈ ಕಡೆ ಬೆಂಚ್ ಮೇಲೆ ಎರಡು ತಿಂಗಳಾಗಿದ್ರೂ, ವೀಸಾ ಅರ್ಧಕ್ಕೆ ನಿಂತಿದ್ರೂ, ರಾತ್ರಿ ನಿದ್ದೆ ಬರದಿದ್ರೂ, ಒಂದನೇ ತಾರೀಖು ತಪ್ಪದೆ ದುಡ್ಡು ಕಳಿಸಿ ಎಲ್ಲಾ ಚೆನ್ನಾಗಿದೆ ಅನ್ನೋರು. ಒಬ್ಬರಿಗೊಬ್ಬರು ತಾಯತ ಕಟ್ಟಿದ ಹಾಗೆ ಸುಳ್ಳು ಕಟ್ಟಿಕೊಂಡಿದ್ದೀವಿ. ಪ್ರೀತಿಯಿಂದಲೇ ಕಟ್ಟಿಕೊಂಡಿದ್ದೀವಿ.

ಎಲ್ಲವನ್ನೂ ಎಲ್ಲರಿಗೂ ಹೇಳಿ ಅಂತ ನಾನು ಹೇಳ್ತಿಲ್ಲ. ರಾವಣನ ಹೊಕ್ಕುಳು ಯಾರ ಕೈಗೆ ಸಿಕ್ರೆ ಏನಾಗುತ್ತೆ ಅಂತ ನೋಡಿದ್ವಿ. ಕಿಲ್ವಿಷ್‌ಗಳು ಆಫೀಸಿನಲ್ಲೂ ಇದ್ದಾರೆ, ನೆಂಟರಲ್ಲೂ ಇದ್ದಾರೆ. ಎಲ್‌ಸಿ ಊರಿಗೆಲ್ಲ ಡಂಗುರ ಹೊಡೆಯೋದಲ್ಲ, ಒಂದು ಸಬ್‌ಸ್ಟೇಷನ್‌ಗೆ ಹೇಳೋದು. ನಿಮ್ಮ ಅಪ್ಪ-ಅಮ್ಮನ ಮಾತ್ರೆ ಹೆಸರು, ಬ್ಲಡ್ ರಿಪೋರ್ಟ್, ಅವರು ನಿಮ್ಮಿಂದ ಮುಚ್ಚಿಡೋ ನೋವು ಗೊತ್ತಿರೋ ಒಬ್ಬ ಮನುಷ್ಯ ಆ ಊರಲ್ಲಿ ಇರಲಿ. ಪಕ್ಕದ ಮನೆಯ ಅಕ್ಕ ಇರಬಹುದು, ಮೆಡಿಕಲ್ ಶಾಪಿನವರು ಇರಬಹುದು. ಅವರ ನಂಬರ್ ನಿಮ್ಮ ಹತ್ತಿರ ಇರಲಿ. ಹಾಗೇ ನಿಮ್ಮ ಕಡೆ, ನೀವು ನಿಜವಾಗಿ ಹೇಗಿದ್ದೀರಿ ಅಂತ ಗೊತ್ತಿರೋ ಒಬ್ಬರು ನೀವಿರೋ ಊರಲ್ಲಿ ಇರಲಿ.

ಆಮೇಲೆ, ಧರ್ಮರಾಯ ಕೇಳಿದ ಹಾಗೆ ಕೇಳೋದನ್ನ ಕಲೀಬೇಕು. ಆರಾಮಿದ್ದೀರಾ ಅಂದ್ರೆ ಆರಾಮ್ ಅನ್ನೋದೇ ಉತ್ತರ ಬರುತ್ತೆ. ಅದು ಪಿಂಗ್ ಮಾಡಿದ ಹಾಗೆ, ಸರ್ವರ್ ಆನ್ ಇದೆ ಅಂತ ಗೊತ್ತಾಗುತ್ತೆ ಅಷ್ಟೇ. ಮಹಡಿ ಮೇಲೆ ಕೊನೆಗೆ ಹತ್ತಿದ್ದು ಯಾವಾಗ, ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ, ಬಸ್ಸು ಹತ್ತೋವಾಗ ಕಂಬಿ ಹಿಡೀಬೇಕಾಗುತ್ತಾ ಅಂತ ಕೇಳಿ. ಬೈಸ್ಕೋತೀರಿ. ಎರಡನೇ ಸಲ ಉತ್ತರ ಬರುತ್ತೆ.

2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ರಾಮಾಯಣ, ಮಹಾಭಾರತ, ಶಕ್ತಿಮಾನ್ ಮೂರನ್ನೂ ಮತ್ತೆ ಹಾಕ್ತು. ನನ್ನ ಅಕ್ಕನ ಮಗ ಶಕ್ತಿಮಾನ್‌ನ ಗ್ರಾಫಿಕ್ಸ್ ನೋಡಿ ಬಿದ್ದು ಬಿದ್ದು ನಕ್ಕ. ನಾಲ್ಕು ಕಂತು ಆದ್ಮೇಲೆ ಅವನೇ ಫೋನ್ ಮಾಡಿ ಕೇಳಿದ: "ಮಾಮಾ, ಇವ್ನಿಗೆ ಎಲ್ಲಿ ಹೊಡದ್ರ ಬೀಳ್ತಾನ?" ಸಂತೆ ದಿನದ ಬಸ್ಸಿನ ಥಿಯರಿ ಹೇಳಿದೆ. ಬಸ್ಸೇ ಇಲ್ಲದ ಕಾಲ ಅದು, ಆದ್ರೂ ಒಪ್ಪಿಕೊಂಡ.

ಇಷ್ಟೇ ನನ್ನ ಮಾತು. ಭಾನುವಾರ ಹತ್ತಿರ ಬರ್ತಿದೆ, ಮನೆಗೆ ಫೋನ್ ಮಾಡ್ತೀರಲ್ಲ, ಎರಡನೇ ಸಲ ಕೇಳಿ.